ಓಟ ಬಿಟ್ಟು ಕಬ್ಬಿಣ ಹಿಡಿಯಬೇಕೇ? ವಾರದ ಐದು ಗಂಟೆಗಳನ್ನು ಹಂಚುವುದು ಹೇಗೆ?

ಪ್ರಶ್ನೆ: ಕೆರೆ ಸುತ್ತುವವ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಎತ್ತರ 170 ಸೆಂ.ಮೀ., ಊರು ಮೈಸೂರು, ಕೆಲಸ ಬ್ಯಾಂಕಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕುಳಿತರೆ, ಮಧ್ಯಾಹ್ನದ ಊಟವೊಂದನ್ನು ಬಿಟ್ಟು, ಸಂಜೆ ಏಳರವರೆಗೆ ಮೇಲೇಳುವ ಪ್ರಸಂಗವೇ ಬರುವುದಿಲ್ಲ. ಕಳೆದ ಗಣಪತಿ ಹಬ್ಬದ ಹೊತ್ತಿಗೆ ನನ್ನ ತೂಕ 84 ಕೆ.ಜಿ. ಮುಟ್ಟಿತ್ತು. ತಂದೆಯವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ನನ್ನ ರಕ್ತಪರೀಕ್ಷೆಯೂ ಗಡಿಯಲ್ಲಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ, ಮರುದಿನದಿಂದಲೇ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯಲು ಹೊರಟೆ. ಮೊದಲು ನಡಿಗೆ, ಬಳಿಕ ನಿಧಾನದ ಓಟ. ಈಗ ವಾರಕ್ಕೆ ಐದು ದಿನ, ದಿನಕ್ಕೆ ಆರು ಕಿ.ಮೀ. ಓಡುತ್ತೇನೆ. ರಾತ್ರಿ ಅನ್ನ ಬಿಟ್ಟಿದ್ದೇನೆ. ಮಲಗುವುದು ಹನ್ನೊಂದೂವರೆಗೆ, ಏಳುವುದು ನಾಲ್ಕೂ ಮುಕ್ಕಾಲಿಗೆ.

ಐದು ತಿಂಗಳಲ್ಲಿ ತೂಕ 76ಕ್ಕೆ ಇಳಿದಿದೆ. ಆದರೆ ಕಳೆದ ಏಳು ವಾರಗಳಿಂದ ಮುಳ್ಳು ಅಲ್ಲಾಡಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಮುಖ ಇಳಿದಿದೆ, ತೋಳು ಸಣ್ಣಗಾಗಿದೆ, ಅಂಗಿಯ ಹೆಗಲು ಜೋಲುತ್ತಿದೆ, ಹೊಟ್ಟೆ ಮಾತ್ರ ಇದ್ದಲ್ಲೇ ಇದೆ; ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ 94 ಸೆಂ.ಮೀ. ಮದುವೆಮನೆಯೊಂದರಲ್ಲಿ ಸಿಕ್ಕ ಚಿಕ್ಕಪ್ಪ "ಏನೋ, ಮೈಗೆ ಹುಷಾರಿಲ್ಲವೇ?" ಎಂದು ಕೇಳಿದರು. ಈ ವಾರ ಮನೆಯ ಹತ್ತಿರದ ಜಿಮ್‌ಗೆ ಸೇರಿದೆ. ಅಲ್ಲಿನ ಟ್ರೇನರ್ ಮೊದಲ ದಿನವೇ, "ಓಟ ಪೂರ್ತಿ ನಿಲ್ಲಿಸಿ ಸರ್, ಕಾರ್ಡಿಯೋ ಮಾಡಿದರೆ ಮಸಲ್ ಕರಗಿಹೋಗುತ್ತದೆ, ಬರೀ ವೇಟ್ಸ್ ಮಾಡಿ" ಎಂದರು. ಜೊತೆಯಲ್ಲಿ ಓಡುವ ಗೆಳೆಯರು ಇದಕ್ಕೆ ತದ್ವಿರುದ್ಧವಾಗಿ, ಮೊದಲು ಕೊಬ್ಬು ಪೂರ್ತಿ ಇಳಿಸಿ, ಆಮೇಲೆ ಭಾರ ಎತ್ತಿ ಎನ್ನುತ್ತಾರೆ. ನನ್ನ ಬಳಿ ಇರುವುದು ವಾರಕ್ಕೆ ಹೆಚ್ಚೆಂದರೆ ಐದು ಗಂಟೆ. ಅದನ್ನು ಹೇಗೆ ಹಂಚಲಿ? ಒಂದೇ ದಿನ ಎರಡನ್ನೂ ಮಾಡುವುದಾದರೆ ಯಾವುದು ಮೊದಲು?

ಉತ್ತರ: ಕಬ್ಬಿಣದ ಕಡಲೆ

ಕೆರೆ ಸುತ್ತುವವರೇ, ಇಬ್ಬರು ಸಲಹೆಗಾರರೂ ಅರ್ಧ ಸರಿ, ಅರ್ಧ ತಪ್ಪು. ಹನ್ನೊಂದು ವರ್ಷಗಳಿಂದ ಭಾರ ಎತ್ತುತ್ತಿರುವ, ಅದಕ್ಕೂ ಮುಂಚೆ ನಿಮ್ಮಂತೆಯೇ ಓಡಿ ಓಡಿ ಸೊರಗಿದ್ದ ನನ್ನ ಮಾತನ್ನು ಆ ಮಿತಿಯಲ್ಲೇ ತೆಗೆದುಕೊಳ್ಳಿ.

ನೀವು ಕಳೆದುಕೊಂಡ 8 ಕೆ.ಜಿ. ಅಷ್ಟೂ ಕೊಬ್ಬಲ್ಲ. ಊಟ ಕಡಿಮೆ ಮಾಡಿ, ಮಾಂಸಖಂಡಗಳಿಗೆ ಭಾರದ ಕೆಲಸ ಕೊಡದೆ ತೂಕ ಇಳಿಸಿದವರಲ್ಲಿ, ಇಳಿದದ್ದರ ಸುಮಾರು ನಾಲ್ಕನೇ ಒಂದು ಭಾಗ ಕೊಬ್ಬಲ್ಲದ ಅಂಶವಾಗಿರುತ್ತದೆ ಎಂಬುದು ಒಂದು ಒರಟು ಲೆಕ್ಕ. ಅದರಲ್ಲಿ ನೀರೂ ಇದೆ, ಸ್ನಾಯುವೂ ಇದೆ. ದೇಹ ಒಂದು ರೀತಿಯ ಜಿಪುಣ ಯಜಮಾನ. ಊಟ ಕಡಿಮೆಯಾದಾಗ, ಕೆಲಸವಿಲ್ಲದೆ ಕುಳಿತ ತೋಳು ಮತ್ತು ಹೆಗಲುಗಳಿಗೆ ಸಂಬಳ ಕೊಡುವುದನ್ನು ಮೊದಲು ನಿಲ್ಲಿಸುತ್ತದೆ. ಅಂಗಿಯ ಹೆಗಲು ಜೋಲಿದ್ದು ಇದರಿಂದಲೇ. ಆದ್ದರಿಂದ "ಮೊದಲು ಕೊಬ್ಬು ಇಳಿಸಿ, ಆಮೇಲೆ ಭಾರ ಎತ್ತಿ" ಎಂಬ ಗೆಳೆಯರ ಸಲಹೆಯನ್ನು ಪಾಲಿಸಿದರೆ, ಇನ್ನು ಆರು ತಿಂಗಳಿಗೆ ನೀವು 70 ಕೆ.ಜಿ. ಮುಟ್ಟಬಹುದು, ಆದರೆ ತೆಳುವಾದ ಕೈಕಾಲು, ನಡುವೆ ಒಂದು ಹೊಟ್ಟೆ ಎಂಬ ರೂಪ ಬದಲಾಗುವುದಿಲ್ಲ.

ಈ ರೂಪ ನಮ್ಮ ಜನಕ್ಕೆ ಹೊಸದೇನಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕದಲ್ಲಿ ಪ್ರಕಟಿಸಿದ್ದರು. ಇಬ್ಬರದೂ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಹೀಗಾಗಿ ತೂಕದ ಯಂತ್ರದ ಮುಳ್ಳಿಗಿಂತ ದರ್ಜಿಯ ಟೇಪನ್ನು ಹೆಚ್ಚು ನಂಬಿ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ 90 ಸೆಂ.ಮೀ., ಹೆಂಗಸರಿಗೆ 80.

ಇನ್ನು ನಿಮ್ಮ ಟ್ರೇನರ್ ಹೇಳಿದ ಮಾತು. ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು ಒಂದು ಗುಂಪಿಗೆ ವಾರಕ್ಕೆ ಐದು ದಿನ ಭಾರದ ವ್ಯಾಯಾಮವನ್ನೂ, ಇನ್ನೊಂದು ಗುಂಪಿಗೆ ವಾರಕ್ಕೆ ಆರು ದಿನ ನಲವತ್ತು ನಿಮಿಷಗಳ ಕಠಿಣ ಓಟ ಮತ್ತು ಸೈಕಲನ್ನೂ, ಮೂರನೆಯ ಗುಂಪಿಗೆ ಇವೆರಡನ್ನೂ ಒಟ್ಟಿಗೇ ಕೊಟ್ಟು ಹತ್ತು ವಾರ ನೋಡಿದರು. ಎರಡನ್ನೂ ಮಾಡಿದವರ ಕಾಲಿನ ಬಲ ಏಳೆಂಟು ವಾರದವರೆಗೆ ಏರಿ, ಆಮೇಲೆ ಇಳಿಯತೊಡಗಿತು. "ಕಾರ್ಡಿಯೋ ಮಸಲ್ ತಿನ್ನುತ್ತದೆ" ಎಂಬ ಜಿಮ್ ಗಾದೆಯ ಬೇರು ಹೆಚ್ಚಾಗಿ ಇಲ್ಲಿದೆ. ಆದರೆ ಆ ಗುಂಪಿನವರು ವಾರಕ್ಕೆ ಹನ್ನೊಂದು ಬಾರಿ ಬೆವರು ಸುರಿಸುತ್ತಿದ್ದರು, ನೀವು ಯೋಚಿಸುತ್ತಿರುವುದು ಐದಾರು ಬಾರಿ. ಬಳಿಕ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ನಡೆಸಿದ ಪರಿಶೀಲನೆಯೊಂದು, ಎರಡನ್ನೂ ಮಾಡುವುದರಿಂದ ಸ್ನಾಯು ಬೆಳೆಯುವುದಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ, ಚಿಮ್ಮುವ ಬಲಕ್ಕೆ ಮಾತ್ರ ಸ್ವಲ್ಪ ಪೆಟ್ಟು ಬೀಳಬಹುದು ಎಂದಿತು. ನೀವು ಕಬಡ್ಡಿ ತಂಡಕ್ಕೆ ಸೇರಲು ಹೊರಟಿಲ್ಲವಾದ್ದರಿಂದ ಆ ಚಿಂತೆ ಬೇಡ.

ಅಷ್ಟೇ ಅಲ್ಲ, ನಿಮ್ಮ ವಿಷಯದಲ್ಲಿ ಓಟ ಬಿಡುವುದು ತಪ್ಪು ಸಲಹೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಎಂಟು ತಿಂಗಳ ಕಾಲ ಹೋಲಿಸಿ ನೋಡಿದಾಗ, ಕರುಳು ಮತ್ತು ಯಕೃತ್ತಿನ ಸುತ್ತಮುತ್ತ ಅಡಗಿರುವ ಕೊಬ್ಬನ್ನು ಇಳಿಸಿದ್ದು ಭಾರಕ್ಕಿಂತ ಕಾರ್ಡಿಯೋ. ಸ್ನಾಯುವನ್ನು ಹೆಚ್ಚಿಸಿದ್ದು ಭಾರ. ಸಕ್ಕರೆ ಕಾಯಿಲೆಯ ಮನೆತನದವರಿಗೆ ಆ ಒಳಗಿನ ಕೊಬ್ಬೇ ಮುಖ್ಯ ಶತ್ರು. ಹೊಟ್ಟೆಯ ಕೊಬ್ಬನ್ನು ಹೊಟ್ಟೆಯ ವ್ಯಾಯಾಮದಿಂದ ಕರಗಿಸುತ್ತೇನೆ ಎಂಬ ಆಸೆಯನ್ನೂ ಈಗಲೇ ಬಿಡಿ. 1971ರಷ್ಟು ಹಿಂದೆಯೇ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದಾರೆ. ರಾಕೆಟ್ ಹಿಡಿಯುವ ತೋಳಿನ ಸ್ನಾಯು ದಪ್ಪಗಿತ್ತು, ಆದರೆ ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ ಆಗಿತ್ತು.

ತೂಕ ಏಕೆ ನಿಂತಿತು ಎಂಬುದಕ್ಕೆ ಬರೋಣ. 76 ಕೆ.ಜಿ. ತೂಕದವರು ಆರು ಕಿ.ಮೀ. ಓಡಿದರೆ ಸುಮಾರು 450 ಕ್ಯಾಲೊರಿ ಖರ್ಚಾಗುತ್ತದೆ. ಓಟ ಮುಗಿಸಿ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಒಂದು ವಡೆ, ಒಂದು ಕಾಫಿ ಆದರೆ ಅಷ್ಟೂ ವಾಪಸ್ಸು, ಮೇಲೆ ಸ್ವಲ್ಪ ಬಡ್ಡಿ. ನೀವು ಹಾಗೆ ಮಾಡುತ್ತೀರಿ ಎಂದು ನಾನು ಆರೋಪಿಸುತ್ತಿಲ್ಲ, ನಾನು ಮಾಡುತ್ತಿದ್ದೆ. ಭಾರ ಎತ್ತುವ ಒಂದು ಗಂಟೆಯಂತೂ ಓಟದಷ್ಟನ್ನೂ ಸುಡುವುದಿಲ್ಲ, ಮತ್ತು "ಸ್ನಾಯು ಬೆಳೆದರೆ ಕುಳಿತಲ್ಲೇ ಕೊಬ್ಬು ಕರಗುತ್ತದೆ" ಎಂಬುದು ಬಹಳ ಉಬ್ಬಿಸಿದ ಮಾತು: ವಿಶ್ರಾಂತಿಯಲ್ಲಿರುವ ಒಂದು ಕೆ.ಜಿ. ಸ್ನಾಯು ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಕೊಬ್ಬು ಇಳಿಸುವ ಕೆಲಸದ ದೊಡ್ಡ ಪಾಲು ತಟ್ಟೆಯಲ್ಲಿ ಆಗಬೇಕು. ಇಳಿಯುವುದು ಕೊಬ್ಬೇ ಆಗಿರಲಿ, ಸ್ನಾಯು ಆಗದಿರಲಿ ಎಂದು ಕಾವಲು ಕಾಯುವುದು ಭಾರದ ವ್ಯಾಯಾಮ. ಹೃದಯ, ಉಸಿರು, ರಕ್ತದ ಸಕ್ಕರೆ ಮತ್ತು ಒಳಗಿನ ಕೊಬ್ಬನ್ನು ನೋಡಿಕೊಳ್ಳುವುದು ಕಾರ್ಡಿಯೋ. ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ್ದರಿಂದಲೇ ಜಗಳ ಹುಟ್ಟಿದೆ.

ನಾನಾಗಿದ್ದರೆ ನಿಮ್ಮ ಐದು ಗಂಟೆಗಳಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಐವತ್ತೈವತ್ತು ನಿಮಿಷ ಭಾರ, ಉಳಿದ ಮೂರು ದಿನ ಐವತ್ತೈವತ್ತು ನಿಮಿಷ ಕೆರೆ, ಒಂದು ದಿನ ರಜೆ ಎಂದು ಇಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಕಾರ್ಡಿಯೋ, ಜೊತೆಗೆ ಕನಿಷ್ಠ ಎರಡು ದಿನ ಎಲ್ಲ ಮುಖ್ಯ ಸ್ನಾಯುಗಳಿಗೆ ಬಲದ ವ್ಯಾಯಾಮ. ಭಾರದ ದಿನ ಎದೆಗೊಂದು ದಿನ, ಬೆನ್ನಿಗೊಂದು ದಿನ ಎಂದು ಹರಿದು ಹಂಚಬೇಡಿ. ಮೂರೂ ದಿನ ಇಡೀ ದೇಹಕ್ಕೆ ಸಲ್ಲುವಂತೆ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಅಥವಾ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು), ಒಂದು ತಳ್ಳುವ ವ್ಯಾಯಾಮ, ಒಂದು ಎಳೆಯುವ ವ್ಯಾಯಾಮ, ಹೆಗಲಿಗೊಂದು, ಇಷ್ಟು ಸಾಕು. ಪ್ರತಿಯೊಂದರಲ್ಲೂ ಮೂರು ಸೆಟ್ (ಸುತ್ತು), ಸುತ್ತಿಗೆ ಎಂಟರಿಂದ ಹನ್ನೆರಡು ರೆಪ್ (ಸಲ ಎತ್ತುವುದು), ಇನ್ನೆರಡು ರೆಪ್ ಎತ್ತಬಹುದಿತ್ತು ಎನ್ನುವಾಗ ನಿಲ್ಲಿಸುವುದು. ಮೂರೂ ಸೆಟ್‌ನಲ್ಲಿ ಹನ್ನೆರಡು ಬಂದ ದಿನ ಮುಂದಿನ ಬಾರಿಗೆ ಎರಡೂವರೆ ಕೆ.ಜಿ. ಹೆಚ್ಚಿಸಿ, ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಬ್ಯಾಂಕಿನವರಿಗೆ ಲೆಕ್ಕ ಬರೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಒಂದೇ ದಿನ ಎರಡೂ ಅನಿವಾರ್ಯವಾದರೆ ಭಾರ ಮೊದಲು, ಓಟ ಆಮೇಲೆ. ದಣಿದ ಕಾಲಿನಲ್ಲಿ ಬಾರ್ಬೆಲ್ ಹೊತ್ತರೆ ಭಾರವೂ ಏರುವುದಿಲ್ಲ, ಬೆನ್ನು ಬಾಗುವ ಅಪಾಯವೂ ಉಂಟು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಆರು ಗಂಟೆಗಳ ಅಂತರ ಸಿಕ್ಕರೆ ಇನ್ನೂ ಒಳ್ಳೆಯದು. ಕೆರೆಯ ಮೂರು ದಿನಗಳಲ್ಲಿ ಎರಡು ದಿನ, ಪಕ್ಕದವರೊಡನೆ ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಗತಿ ಇರಲಿ. ಮೂರನೆಯ ದಿನ ಮಾತ್ರ ಏದುಸಿರು ಬರುವಂತೆ ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ ಎಂದು ಎಂಟು ಹತ್ತು ಸುತ್ತು ಮಾಡಿ.

ಪ್ರೋಟೀನಿನ ಮಾತಿಲ್ಲದೆ ಇದು ಪೂರ್ಣವಾಗುವುದಿಲ್ಲ. ಸಾಮಾನ್ಯರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಎಂಬುದು ನಮ್ಮ ದೇಶದ ಶಿಫಾರಸು; ಭಾರ ಎತ್ತುತ್ತ ತೂಕ ಇಳಿಸುವವರಿಗೆ 1.2ರಿಂದ 1.6 ಗ್ರಾಂ ಬೇಕು, ಅಂದರೆ ನಿಮಗೆ 90ರಿಂದ 120. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಎರಡು ಚಪಾತಿ ಎಂಬ ಊಟದಲ್ಲಿ ಇದರ ಅರ್ಧವೂ ಬರುವುದು ಕಷ್ಟ. ನೀರಾದ ಸಾರನ್ನು ಗಟ್ಟಿ ತೊವ್ವೆ ಮಾಡಿ, ಬೆಳಿಗ್ಗೆ ಎರಡು ಮೊಟ್ಟೆ ಸೇರಿಸಿ (ಒಂದರಲ್ಲಿ ಸುಮಾರು 6 ಗ್ರಾಂ), ತಿನ್ನದವರಾದರೆ 50 ಗ್ರಾಂ ಸೋಯಾ ಚಂಕ್ಸ್ ಒಂದರಲ್ಲೇ 26 ಗ್ರಾಂ ಸಿಗುತ್ತದೆ. ರಾತ್ರಿಯ ಅನ್ನ ಬಿಟ್ಟಿದ್ದು ದೊಡ್ಡ ಸಾಧನೆಯೇನಲ್ಲ. ಅದರ ಜಾಗಕ್ಕೆ ಏನು ಬಂತು ಎಂಬುದೇ ಪ್ರಶ್ನೆ.

ಉತ್ತರ: ಹಳೇ ಮಟ್ಟಿ

ಮೇಲಿನವರ ವಿವರಣೆ ಚೆನ್ನಾಗಿದೆ. ನನಗೀಗ 67, ಹುಡುಗನಾಗಿದ್ದಾಗ ನಮ್ಮ ಬೀದಿಯ ಗರಡಿಮನೆಯಲ್ಲಿ ಎಂಟು ವರ್ಷ ಸಾಮು ಮಾಡಿದವನು ನಾನು. ಅಲ್ಲಿ ಕಾರ್ಡಿಯೋ, ವೇಟ್ಸ್ ಎಂಬ ಎರಡು ಪಂಗಡಗಳೇ ಇರಲಿಲ್ಲ. ಮುಂಜಾನೆ ಗುದ್ದಲಿ ಹಿಡಿದು ಮಟ್ಟಿಯ, ಅಂದರೆ ಕುಸ್ತಿ ಅಖಾಡದ ಮಣ್ಣನ್ನು ಅಗೆದು ಹದ ಮಾಡುವುದು ಮೊದಲ ಕೆಲಸ. ಅಷ್ಟರಲ್ಲೇ ಬನಿಯನ್ ಮೈಗೆ ಅಂಟಿರುತ್ತಿತ್ತು. ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು, ಕೊನೆಯಲ್ಲಿ ಜೋಡಿ ಕುಸ್ತಿ. ನೂರು ಬಸ್ಕಿ ನಿಲ್ಲಿಸದೆ ಹೊಡೆದು ನೋಡಿ; ತೊಡೆ ಮೊದಲು ಸೋಲುತ್ತದೆಯೋ ಉಸಿರು ಮೊದಲು ಸೋಲುತ್ತದೆಯೋ ಹೇಳಿ. ಜಿಮ್‌ಗೆ ಹೋಗಲಾಗದ ದಿನ ನೀವು ಮನೆಯ ಮೊಗಸಾಲೆಯಲ್ಲಿ ಇಷ್ಟನ್ನು ಮಾಡಿದರೂ ದಿನ ವ್ಯರ್ಥವಾಗುವುದಿಲ್ಲ. ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ: ಭಾರವನ್ನು ಕ್ರಮವಾಗಿ ಏರಿಸಲು ಬಸ್ಕಿಯಲ್ಲಿ ದಾರಿ ಕಡಿಮೆ, ಎಣಿಕೆಯನ್ನಷ್ಟೇ ಏರಿಸಬಹುದು, ಬಾರ್ಬೆಲ್ಲಿನ ಅನುಕೂಲ ಅಲ್ಲಿದೆ.

ತಟ್ಟೆಯ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ಕಣ್ಣೇ ಸಾಕ್ಷಿ. ನಮ್ಮ ಗರಡಿಯ ಪೈಲ್ವಾನರು ದಿನಕ್ಕೆ ನಾಲ್ಕೈದು ಗಂಟೆ ಸಾಮು ಮಾಡುತ್ತಿದ್ದಾಗ ಬಾದಾಮಿ, ಹಾಲು, ತುಪ್ಪ ಎಲ್ಲವೂ ಮೈಗೆ ಹಿಡಿಯುತ್ತಿತ್ತು. ಕುಸ್ತಿ ಬಿಟ್ಟು, ಆ ತುಪ್ಪವನ್ನು ಮಾತ್ರ ಬಿಡದವರಲ್ಲಿ ಇಬ್ಬರಿಗೆ ಐವತ್ತು ತುಂಬುವುದರೊಳಗೆ ಸಕ್ಕರೆ ಕಾಯಿಲೆ ಬಂತು.

ಉತ್ತರ: ಮಂಡಿಚಿಪ್ಪು

ನಾನು ಫಿಸಿಯೊಥೆರಪಿಸ್ಟ್. ವ್ಯಾಯಾಮದ ಹಂಚಿಕೆಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ಪ್ರಶ್ನೆಯಲ್ಲೇ ಇದ್ದ ಒಂದು ಸಾಲನ್ನು ಯಾರೂ ಗಮನಿಸಿದಂತಿಲ್ಲ. ಸರ್, ನೀವು ಹನ್ನೊಂದೂವರೆಗೆ ಮಲಗಿ ನಾಲ್ಕೂ ಮುಕ್ಕಾಲಿಗೆ ಏಳುತ್ತಿದ್ದೀರಿ, ಅಂದರೆ ಐದು ಗಂಟೆ ಹದಿನೈದು ನಿಮಿಷ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿತ ಆಹಾರದಲ್ಲಿದ್ದ ಅದೇ ಹತ್ತು ಜನರನ್ನು ಒಮ್ಮೆ ಎರಡು ವಾರ ಎಂಟೂವರೆ ಗಂಟೆ, ಇನ್ನೊಮ್ಮೆ ಎರಡು ವಾರ ಐದೂವರೆ ಗಂಟೆ ಹಾಸಿಗೆಯಲ್ಲಿರಿಸಿದರು. ಎರಡು ಬಾರಿಯೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಮೂರು ಕೆ.ಜಿ.ಯ ಆಸುಪಾಸು; ಆದರೆ ಅದರಲ್ಲಿ ಕೊಬ್ಬು ಚೆನ್ನಾಗಿ ಮಲಗಿದಾಗ 1.4 ಕೆ.ಜಿ., ನಿದ್ದೆಗೆಟ್ಟಾಗ 0.6 ಕೆ.ಜಿ. ಮಾತ್ರ. ಚಿಕ್ಕ ಪ್ರಯೋಗ ನಿಜ, ಆದರೂ ನಿಮ್ಮ ಅಂಗಿಯ ಹೆಗಲನ್ನು ನೋಡಿಯೇ ಬರೆದಂತಿದೆ. ಆರನೆಯ ದಿನದ ವ್ಯಾಯಾಮಕ್ಕಾಗಿ ನಿದ್ದೆ ಕಡಿಯುವುದಾದರೆ ಆ ದಿನದ ವ್ಯಾಯಾಮವನ್ನೇ ಬಿಡಿ ಎಂದು ನಾನು ಹೇಳುತ್ತೇನೆ; ಕಬ್ಬಿಣದ ಕಡಲೆಯವರು ಒಪ್ಪದಿರಬಹುದು.

ಇನ್ನೆರಡು ಸಣ್ಣ ಎಚ್ಚರಿಕೆ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಆದ್ದರಿಂದ ಎತ್ತುವಾಗ ಉಸಿರು ಬಿಡಿ, ಮತ್ತು ಶುರುಮಾಡುವ ಮುನ್ನ ಬಿ.ಪಿ. ನೋಡಿಸಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಕೆರೆ ಸುತ್ತುವವ (ಹತ್ತು ವಾರಗಳ ನಂತರ)

ಎಲ್ಲರಿಗೂ ಧನ್ಯವಾದ. ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ. ತೂಕ 76ರಿಂದ 74.2ಕ್ಕೆ ಇಳಿದಿದೆ, ಅಷ್ಟೇ. ಆದರೆ ಸುತ್ತಳತೆ 94ರಿಂದ 89.5 ಆಗಿದೆ, ಬೆಲ್ಟಿಗೆ ಚಪ್ಪಲಿ ಹೊಲಿಯುವವರ ಬಳಿ ಹೊಸ ತೂತು ಹಾಕಿಸಿದೆ. ಬರೀ ಬಾರ್ ಹೊತ್ತು ತೊದಲುತ್ತಿದ್ದ ಸ್ಕ್ವಾಟ್ ಈಗ 45 ಕೆ.ಜಿ.ಗೆ ಬಂದಿದೆ. ಮಾರ್ಚ್ ಕೊನೆಯ ಎರಡು ವಾರ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಜಿಮ್ ತಪ್ಪಿತು, ಆ ದಿನಗಳಲ್ಲಿ ಹಳೇ ಮಟ್ಟಿಯವರ ಬಸ್ಕಿಯೇ ಕೈಹಿಡಿಯಿತು (ನಲವತ್ತಕ್ಕೆ ಉಸಿರೇ ಮೊದಲು ಸೋತಿತು). ಹತ್ತೂವರೆಗೆ ಮಲಗಿ ಐದೂವರೆಗೆ ಏಳುತ್ತಿದ್ದೇನೆ. ಇದಕ್ಕಾಗಿ ಫೋನನ್ನು ರಾತ್ರಿ ಅಡುಗೆಮನೆಯಲ್ಲಿ ಇಡಬೇಕಾಯಿತು.

ಒಂದು ತಪ್ಪನ್ನೂ ಹೇಳಿಕೊಳ್ಳಬೇಕು. ಏದುಸಿರಿನ ದಿನಕ್ಕೆ ಓಟದ ಬದಲು ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಉತ್ಸಾಹದಲ್ಲಿ ನಡೆದೇ ಇಳಿದೆ. ಹತ್ತುವಾಗ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಸ್ಕ್ವಾಟ್‌ಗೆ ಕೂತವನು ಏಳಲಾಗದೆ ಬಾರನ್ನು ಪಕ್ಕದ ಸರಳುಗಳ ಮೇಲೆ ಬಿಟ್ಟೆ. ಮಂಗಳವಾರ ಬ್ಯಾಂಕಿನ ಮೆಟ್ಟಿಲನ್ನು ಗೋಡೆ ಹಿಡಿದು ಹಿಂದುಮುಂದಾಗಿ ಇಳಿದದ್ದನ್ನು ಇಡೀ ಶಾಖೆ ನೋಡಿತು. ಬೆಟ್ಟವನ್ನು ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮಂಡಿಚಿಪ್ಪು

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ನೋವು ಬರುವುದು ಅದರಿಂದ, ಮತ್ತು ಅದು ಒಂದರಿಂದ ಮೂರು ದಿನಗಳ ನಡುವೆ ತುದಿ ಮುಟ್ಟುತ್ತದೆ. ಬೆಟ್ಟವನ್ನು ಶನಿವಾರಕ್ಕೆ ತನ್ನಿ, ಭಾನುವಾರ ರಜೆ ಇಡಿ, ಸೋಮವಾರ ಕಾಲಿನ ಭಾರವನ್ನು ಮೊದಲ ಎರಡು ವಾರ ಹಗುರವಾಗಿಡಿ. ಸದ್ಯಕ್ಕೆ ದಾರಿಯ ನಡುವಿನ ನಂದಿ ವಿಗ್ರಹದವರೆಗೆ ಹತ್ತಿದರೆ ಸಾಕು. ಪೂರ್ತಿ ಮೇಲೆ ಹೋದ ದಿನ ಇಳಿಯುವುದಕ್ಕೆ ಬಸ್ಸಿದೆ.